ಜಾಮೀನು ಸಿಕ್ಕಿದ ಮೇಲೂ ಜೈಲಿನಲ್ಲೇ ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯವರೊಬ್ಬರನ್ನು ಪೊಲೀಸರು ಹಿಡಿದುಕೊಂಡು ಹೋದರು ಅಂತ ಸುದ್ದಿ ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಜಾಮೀನು ಯಾವಾಗ ಸಿಗುತ್ತೆ? ಸರಿ, ಕೇಳಲೇಬೇಕು. ಆದರೆ ಕೋರ್ಟು ಜಾಮೀನು ಕೊಟ್ಟ ಮೇಲೂ ವಾರಗಟ್ಟಲೆ ಒಳಗೇ ಕೂತಿರುವವರು ಇದ್ದಾರೆ. ಆದೇಶ ಆಗಿದೆ, ಜಾಮೀನುದಾರ, ಅಂದರೆ ಇವರು ಕೋರ್ಟಿಗೆ ಬರುತ್ತಾರೆ ಅಂತ ಹೊಣೆ ಹೊರುವವರು, ಸಿಕ್ಕಿಲ್ಲ, ಅಷ್ಟೆ. ಇವತ್ತು ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಮೊದಲ ದಿನದ ವಿಷಯವನ್ನು ಬೇಗ ಮುಗಿಸಿಬಿಡೋಣ.

ಮೊದಲು, ಸುದ್ದಿ ನಿಜವೇ ಅಂತ ನೋಡಿ. ವಿಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡು ನಿಮ್ಮ ಮಗನನ್ನು ಹಿಡಿದಿದ್ದೇವೆ, ಇಷ್ಟು ದುಡ್ಡು ಕಳಿಸಿ ಅನ್ನುವವರು ಕಳ್ಳರು. ಫೋನ್ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ನಿಜವೇ ಆಗಿದ್ದರೆ ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ. ಕ್ರೈಂ ನಂಬರ್ ಎಷ್ಟು, ಯಾವ ಸೆಕ್ಷನ್ ಹಾಕಿದ್ದಾರೆ, ಇದನ್ನು ಕೇಳಿ ಬರೆದುಕೊಳ್ಳಿ. ಯಾಕೆ ಹಿಡಿದರು ಅಂತ ಬಂಧಿತರಿಗೆ, ಎಲ್ಲಿಟ್ಟಿದ್ದಾರೆ ಅಂತ ಮನೆಯವರಿಗೆ ಪೊಲೀಸರು ಹೇಳಲೇಬೇಕು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಕಾನೂನಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಜಾಮೀನು ಸಿಗುವಂಥ ಅಪರಾಧವಾದರೆ ಠಾಣೆಯಲ್ಲೇ ಜಾಮೀನು ಪಡೆಯುವುದು ಹಕ್ಕು. ಇಲ್ಲದಿದ್ದರೆ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಭಾನುವಾರ ಅನ್ನುವ ನೆಪ ನಡೆಯುವುದಿಲ್ಲ. ಬಿಪಿ, ಶುಗರ್ ಮಾತ್ರೆ ನುಂಗುವವರಾದರೆ ಡಾಕ್ಟರ ಚೀಟಿ ಜೊತೆಗೆ ತೆಗೆದುಕೊಂಡು ಹೋಗಿ. ಠಾಣೆಯಲ್ಲಿ ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೆದರದೆ ಹೇಳಬೇಕು, ಆಮೇಲೆ ಹೇಳಿದರೆ ನಂಬುವವರು ಕಡಿಮೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಬಂಧನದಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಠಾಣೆ ಎದುರಿನ ಟೀ ಅಂಗಡಿಯಲ್ಲಿ ನಿಂತು 'ನಾನು ಮಾಡಿಸಿಕೊಡ್ತೀನಿ' ಅನ್ನುವವರ ಕೈಗೆ ಮಾತ್ರ ದುಡ್ಡು ಕೊಡಬೇಡಿ.

ಇನ್ನು ಜಾಮೀನುದಾರರ ವಿಷಯ. ನನ್ನ ಪ್ರಕಾರ ಅರ್ಜಿ ಹಾಕಿದ ದಿನದಿಂದಲೇ ಇವರನ್ನು ಹುಡುಕಲು ಶುರುಮಾಡಬೇಕು. ಆದೇಶ ಬರಲಿ ನೋಡೋಣ ಅಂತ ಕೂತರೆ ಅಷ್ಟೂ ದಿನ ಜೈಲಿನಲ್ಲೇ ಹೋಗುತ್ತದೆ. ಹಳ್ಳಿಯವರಾದರೆ ಸಾಮಾನ್ಯವಾಗಿ ಜಮೀನಿನ ಪಹಣಿ ಕೇಳುತ್ತಾರೆ, ಸಂಬಳದವರಾದರೆ ಸಂಬಳದ ಚೀಟಿ, ಜೊತೆಗೆ ಆಧಾರ್, ಫೋಟೊ, ಅಫಿಡವಿಟ್. ಕೋರ್ಟಿನಿಂದ ಕೋರ್ಟಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ, ವಕೀಲರನ್ನು ಮೊದಲೇ ಕೇಳಿಕೊಳ್ಳಿ. ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಅದು ಪ್ರಯೋಜನಕ್ಕೆ ಬರುವುದಿಲ್ಲ, ನಮ್ಮ ಕಡೆ ಅಂಥ ಪಹಣಿಗಳೇ ಜಾಸ್ತಿ ಅಲ್ವಾ! ಜಾಮೀನುದಾರ ಕೋರ್ಟಿಗೆ ತಾನೇ ಬರಬೇಕು. ಆರೋಪಿ ನಿಮಗೆ ಹೇಗೆ ಗೊತ್ತು ಅಂತ ಕೇಳಬಹುದು, ಇದುವರೆಗೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಅನ್ನುವುದನ್ನು ಅವರು ಘೋಷಿಸಲೇಬೇಕು. ದುಡ್ಡು ಕೊಟ್ಟರೆ ನಿಲ್ಲುವ ಬಾಡಿಗೆ ಜಾಮೀನುದಾರರು ಸಿಗುತ್ತಾರೆ, ಆದರೆ ಅವರ ಪಹಣಿ ನಕಲಿ ಅಂತ ಗೊತ್ತಾದರೆ ನಿಮ್ಮವರ ಜಾಮೀನಿಗೇ ಕುತ್ತು.

ಆಸ್ತಿ ಇರುವವರು ಯಾರೂ ಗೊತ್ತಿಲ್ಲದಿದ್ದರೆ? 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮೋತಿರಾಂ ಅನ್ನುವ ಗಾರೆ ಕೆಲಸದವನ ಪ್ರಕರಣ ಬಂತು. ಮಧ್ಯಪ್ರದೇಶದವನು. ಕೆಳಗಿನ ಕೋರ್ಟು 10,000 ರೂಪಾಯಿ ಜಾಮೀನು ಕೇಳಿತ್ತು, ಅವನ ಅಣ್ಣನೋ ತಮ್ಮನೋ ನಿಲ್ಲಲು ತಯಾರಿದ್ದರೂ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಅಂದರೆ ಆರೋಪಿ ತಾನೇ ಬರೆದುಕೊಡುವ ಪತ್ರದ ಮೇಲೆ ಬಿಡಲು ಹೇಳಿದರು. ಹಾಗಾಗಿ ಮೊತ್ತ ಇಳಿಸಿ, ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಲು ಸಂಕೋಚ ಬೇಡ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು: ಆದೇಶವಾಗಿ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನು ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸುಮ್ನೆ ಕಾಯುವ ಬದಲು ಪ್ರಾಧಿಕಾರದ ಕಚೇರಿಗೆ ನೀವೇ ಹೋಗಿ ನೆನಪಿಸಿ.

ಜಾಮೀನುದಾರರನ್ನು ಒಪ್ಪಿದ ಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗುತ್ತೆ. ಸಂಜೆ ತಡವಾಗಿ ತಲುಪಿದರೆ ಬಿಡುಗಡೆ ಮಾರನೆಯ ದಿನಕ್ಕೆ ಹೋಗಬಹುದು. ಬೇರೆ ಕೇಸಿನಲ್ಲಿ ಬಾಡಿ ವಾರಂಟ್, ಅಂದರೆ ಜೈಲಿನಲ್ಲಿರುವವರನ್ನು ಆ ಕೇಸಿಗೆ ಹಾಜರುಪಡಿಸಿ ಅನ್ನುವ ಕೋರ್ಟಿನ ಆದೇಶ ಇದ್ದರೆ ಬಿಡುವುದೇ ಇಲ್ಲ, ಅದನ್ನು ವಕೀಲರಿಂದ ಮೊದಲೇ ವಿಚಾರಿಸಿಕೊಂಡು ಆಮೇಲೆ ಜೈಲಿನ ಗೇಟಿಗೆ ಹೋಗಿ.

ಮನೆಗೆ ಬಂದವರನ್ನು ಮೊದಲ ರಾತ್ರಿಯೇ ಪ್ರಶ್ನೆ ಕೇಳಿ ಸುಸ್ತು ಮಾಡಬೇಡಿ, ಊಟ ಮಾಡಿ ಮಲಗಲಿ. ಆದೇಶದ ಷರತ್ತುಗಳನ್ನು ಮಾರನೆಯ ದಿನ ಕೂತು ಓದಿ: ಯಾವ ದಿನ ಠಾಣೆಗೆ ಹೋಗಿ ಸಹಿ ಹಾಕಬೇಕು, ಜಿಲ್ಲೆ ಬಿಟ್ಟು ಹೋಗಬಹುದೇ, ದೂರುದಾರರ ಹತ್ತಿರ ಮಾತಾಡಬಹುದೇ. ಕೋರ್ಟಿನ ತಾರೀಖು ತಪ್ಪಿದರೆ ವಾರಂಟ್ ಬರುತ್ತೆ, ಜಾಮೀನು ನಿಂತ ಪುಣ್ಯಾತ್ಮನಿಗೂ ದುಡ್ಡು ಕಟ್ಟು ಅಂತ ನೋಟಿಸ್ ಬರಬಹುದು. ಜ್ವರವೋ, ಮನೆಯಲ್ಲಿ ಸಾವೋ ಆದರೆ ಆ ದಿನ ಬೆಳಗ್ಗೆಯೇ ವಕೀಲರಿಗೆ ಹೇಳಿ ಗೈರುಹಾಜರಿಗೆ ಅನುಮತಿ ಕೇಳಿಸಿ, ಜಾಮೀನುದಾರರಿಗೂ ಒಂದು ಫೋನ್ ಮಾಡಿ.

ನಮಸ್ಕಾರ.