ಪಿಂಚಣಿ ಬರುತ್ತಲ್ವಾ, ಸಂಬಳ ಯಾಕೆ?

ಕೇಳುಗರಿಗೆ ನಮಸ್ಕಾರ.

ನಿವೃತ್ತ ಮಾಸ್ತರೊಬ್ಬರು ಕಲಬುರಗಿಯಲ್ಲಿ ಖಾಸಗಿ ಶಾಲೆಗೆ ಕೆಲಸ ಕೇಳಿ ಹೋದರೆ, ಮೊದಲ ಪ್ರಶ್ನೆ ಹೆಚ್ಚಾಗಿ ಪಾಠದ್ದಲ್ಲ. "ಸರ್, ನಿಮಗೆ ಪಿಂಚಣಿ ಬರುತ್ತಲ್ವಾ?" ನನಗೂ ಹೀಗೇ ಕೇಳಿದ್ದಾರೆ. ಹೌದು ಅಂದ ಕೂಡಲೇ ಸಂಬಳದ ಮಾತು ಇಳಿಯುತ್ತದೆ. ಸುಮ್ನೆ ಮನೆಯಲ್ಲಿ ಕೂರುವ ಬದಲು ಹೊತ್ತು ಹೋಗುತ್ತದೆ ಎಂಬ ಉಪದೇಶ ಬೇರೆ!

ಪಿಂಚಣಿ ಹಿಂದೆ ದುಡಿದದ್ದಕ್ಕೆ ಬರುವ ಹಣ. ಹೊಸ ಶಾಲೆಗೂ ಅದಕ್ಕೂ ಏನು ಸಂಬಂಧ? ಅದೂ ಎಲ್ಲರಿಗೂ ಬರುವುದಿಲ್ಲ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಸೇವೆಯಲ್ಲಿದ್ದಾಗ ಕೂಡಿಟ್ಟ ಹಣದ ಮೇಲೆ ಪಿಂಚಣಿ ನಿಂತಿರುವ ಯೋಜನೆಗೆ, ಬಂದರು. ತಡವಾಗಿ ಸೇರಿದವರ ಕೈಗೆ ಬರುವುದು ತೀರಾ ಕಡಿಮೆ. ಅನುದಾನವಿಲ್ಲದ ಶಾಲೆಯಲ್ಲಿ ಸವೆದ ಎಷ್ಟೋ ಜನರಿಗೆ ಅದೂ ಇಲ್ಲ.

ಕಾನೂನಿನ ಆಸರೆಯೂ ತೆಳು. ಸರ್ಕಾರಿ ಕೆಲಸದಲ್ಲಿ ತಾರತಮ್ಯ ಬೇಡ ಎನ್ನುವ ಸಂವಿಧಾನದ 16ನೇ ವಿಧಿಯಲ್ಲಿ ಧರ್ಮ, ಜಾತಿ, ಲಿಂಗ ಎಲ್ಲ ಇವೆ, ವಯಸ್ಸು ಮಾತ್ರ ಇಲ್ಲ. ಸರ್ಕಾರದ ತಾತ್ಕಾಲಿಕ ನೌಕರರು ಕಾಯಂ ನೌಕರರ ಕೆಲಸವನ್ನೇ ಮಾಡಿದರೆ ಆ ಶ್ರೇಣಿಯ ಕನಿಷ್ಠ ಸಂಬಳ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಖಾಸಗಿ ಶಾಲೆಗೆ ಆ ಮಾತು ತಲುಪುವುದಿಲ್ಲ. ಸರ್ಕಾರಿ ಶಾಲೆಯಲ್ಲೂ ನೋಡಿ: 2025ರ ರಾಜ್ಯ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನ 2,000 ರೂಪಾಯಿ ಏರಿತು. ಏರಿದ ಮೇಲೂ ಅದು ಕಾಯಂ ಶಿಕ್ಷಕರ ಆರಂಭದ ಸಂಬಳದ ಅರ್ಧಕ್ಕೂ ಬರುವುದಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಗಣಿತ, ಇಂಗ್ಲಿಷ್ ಕಲಿಸಿ ಪಳಗಿದವರು ಇಲ್ಲಿ ಬೇಕೇ ಬೇಕು. ಬೇಕಾದವರನ್ನೇ ಅಗ್ಗಕ್ಕೆ ಕೇಳುವುದು ಯಾವ ಲೆಕ್ಕವೋ, ಗಣಿತದ ಮಾಸ್ತರನಾದ ನನಗೇ ಹೊಳೆದಿಲ್ಲ.

ಹಿರಿಯರು ಬಂದರೆ ಹುಡುಗರ ಕೆಲಸ ಹೋಗುತ್ತದೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ, ಆದರೆ ಅದು ನಾವು ಅಗ್ಗಕ್ಕೆ ಒಪ್ಪಿದಾಗ. ಸೇಡಂನಲ್ಲೋ ಹುಮನಾಬಾದಿನಲ್ಲೋ ನಾವು ಅರ್ಧ ಸಂಬಳಕ್ಕೆ ಹೂಂ ಅಂದರೆ, ಬಿ.ಇಡಿ. ಮುಗಿಸಿ ಬರುವ ಹುಡುಗಿಗೆ ತೋರಿಸುವ ದರವೂ ಅದೇ ಆಗುತ್ತದೆ.

ಹಾಗಾಗಿ ನಿವೃತ್ತ ಗೆಳೆಯರೇ, ಕೇಳಿ ತಿಳಿದುಕೊಳ್ಳಿ. ವಾರಕ್ಕೆ ಎಷ್ಟು ಪೀರಿಯಡ್? ಬೇಸಿಗೆ ರಜೆಗೆ ಸಂಬಳ ಇದೆಯಾ? ಉತ್ತರ ಕಾಗದದ ಮೇಲೆ ಬರಲಿ. ಮೊಣಕಾಲು ನೋವಿದ್ದರೆ ಮೂರನೇ ಮಹಡಿಯ ಕ್ಲಾಸು ಬೇಡ ಅನ್ನಿ, ಬಿಸಿಲಿನಲ್ಲಿ ಮೈದಾನದ ಡ್ಯೂಟಿಯೂ ಬೇಡ ಅನ್ನಿ. ಅದಕ್ಕಾಗಿ ಸಂಬಳ ಬಿಟ್ಟುಕೊಡಬೇಕಾಗಿಲ್ಲ. ನಮಸ್ಕಾರ.