ಬಿಟ್ಟ ಮೆಟ್ಟಿಲು

ಕೇಳುಗರಿಗೆಲ್ಲ ನಮಸ್ಕಾರ.

ನಾನು ಗೋವಾದ ಒಂದು ಹಳ್ಳಿಯ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ವಾಸ್ಕೋ ಕಡೆಯಿಂದ ವೆರ್ಣಾಕ್ಕೆ ಬರುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಬೇಕು. ಕೆಂಪುಕಲ್ಲಿನ ಎರಡು ಕೋಣೆ, ಮುಂದೊಂದು ಪಡಸಾಲೆ, ಹಿಂದೆ ಗೇರುಮರಗಳು. ಒಂದನೇ ಇಯತ್ತೆಯಿಂದ ನಾಲ್ಕನೇ ಇಯತ್ತೆವರೆಗೆ ಇಬ್ಬರೇ ಶಿಕ್ಷಕಿಯರು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಮಾತ್ರ ನನಗೆ ಫಜೀತಿ. ಯಾವ ವಾರದ ಲೆಕ್ಕ ಹೇಳಲಿ?

ನನ್ನ ಹತ್ತಿರ ಹಾಜರಿ ಪುಸ್ತಕಗಳು ಎರಡಿವೆ. ಒಂದು ಸರಕಾರದ್ದು. ಇನ್ನೊಂದು ನನ್ನ ಸ್ವಂತದ್ದು, ನೂರು ಪುಟದ ಸಾದಾ ನೋಟ್‌ಬುಕ್ಕು. ಸರಕಾರದ ಪುಸ್ತಕದಲ್ಲಿ ಬಾರದ ಮಗುವಿನ ಹೆಸರಿನ ಮುಂದೆ ಒಂದು ಗುರುತು ಹಾಕಿದರೆ ಕೆಲಸ ಮುಗಿಯಿತು. ನನ್ನದರಲ್ಲಿ ಆ ಮಗು ತಿರುಗಿ ಬಂದ ದಿನ, ಯಾಕೆ ಬಂದಿರಲಿಲ್ಲ ಎಂಬುದನ್ನು ಅದರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳುತ್ತೇನೆ. "ತಮ್ಮನ್ನ ಹಿಡಕೊಂಡಿದ್ನಿರಿ, ಅವ್ವ ಕೆಲಸಕ್ಕ ಹೋಗಿದ್ಳು." "ನೀರಿನ ಟ್ಯಾಂಕರ್ ಬಂದಿತ್ರಿ." "ಖೋಲಿ ಬದ್ಲಿ ಮಾಡಿದ್ವಿರಿ." "ಮಳಿ ನೀರಾಗ ಚಪ್ಪಲ ಹರಕೊಂಡು ಹೋತ್ರಿ." ಒಬ್ಬ ಹುಡುಗ, "ಸುಮ್ನ ಬರ್ಲಿಲ್ರಿ" ಅಂದ. ಅದನ್ನೂ ಬರೆದುಕೊಂಡೆ. ಅಷ್ಟು ಪ್ರಾಮಾಣಿಕವಾಗಿ ರಜೆ ಚೀಟಿ ಬರೆಯಲು ನನ್ನಿಂದಲೂ ಆಗಿಲ್ಲ.

ಈ ನೋಟ್‌ಬುಕ್ಕು ಶುರುವಾದದ್ದು ಸೋಮವಾರಗಳ ದೆಸೆಯಿಂದ.

ನಮ್ಮ ಮಕ್ಕಳ ಅಪ್ಪಂದಿರು ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಲಾರಿಗೆ ಮಾಲು ಏರಿಸುವವರು. ತಾಯಂದಿರು ಕಟ್ಟಡದಲ್ಲಿ ಬುಟ್ಟಿ ಹೊರುತ್ತಾರೆ, ಇಲ್ಲವೇ ನಾಲ್ಕು ಮನೆಗಳ ಪಾತ್ರೆ ತೊಳೆಯುತ್ತಾರೆ, ಒಬ್ಬಿಬ್ಬರು ಕಾಯಿಪಲ್ಲೆ ಮಾರುತ್ತಾರೆ. ಗದಗ, ಕೊಪ್ಪಳ, ಬಾಗಲಕೋಟೆ, ಹಾವೇರಿ, ವಿಜಯಪುರದ ಕಡೆಯ ಜನ. 1961ರಲ್ಲಿ ಗೋವಾ ಪೋರ್ತುಗೀಸರ ಕೈ ಬಿಟ್ಟ ಮೇಲೆ ಇಲ್ಲಿ ರಸ್ತೆ, ಕಾರ್ಖಾನೆ, ಹೋಟೆಲು, ಬಂದರಿನ ಕೆಲಸ ಎಂದು ಶುರುವಾದ ವಲಸೆ ಇದು, ನಿಂತೇ ಇಲ್ಲ. ಶನಿವಾರ ಸಂಜೆ ಬಟವಾಡೆ. ಭಾನುವಾರ ವಾಸ್ಕೋದ ಬಾಜಾರ. ಊರಿಗೆ ಹೋಗುವವರು ಬಟವಾಡೆಯ ದುಡ್ಡು ಕೈಗೆ ಬಿದ್ದ ಕೂಡಲೇ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಹೀಗಾಗಿ ಸೋಮವಾರ ಬೆಳಗ್ಗೆ ಪೊದೆರ್, ಅಂದರೆ ಪಾವ್ ಮಾರುವವ, ಸೈಕಲ್ಲಿನ ಭೋಂಪು ಒತ್ತುತ್ತ ನಮ್ಮ ಗೇಟಿನ ಮುಂದೆ ಹಾದುಹೋಗುವ ಹೊತ್ತಿಗೆ, ನನ್ನ ಕೋಣೆಯಲ್ಲಿ ಅರ್ಧ ಚಾಪೆ ಖಾಲಿ.

ಬಂದ ಹೊಸತರಲ್ಲಿ ನಾನು ವೇಳಾಪಟ್ಟಿಯವಳು. ಸೋಮವಾರ ಅಂದರೆ ಹೊಸ ಪಾಠ. ಗುರುವಾರ ಊರಿಂದ ಬಂದವರಿಗಾಗಿ ಅದೇ ಪಾಠ ಮತ್ತೆ ಮೊದಲಿನಿಂದ. ಬಂದವರಿಗೆ ಬೇಸರ, ಬಾರದವರಿಗೆ ಗಾಬರಿ. ಈ ಪಾಲಕರಿಗೆ ಕಾಳಜಿಯೇ ಇಲ್ಲ ಎಂದು ಆ ವರ್ಷ ನಾನೂ ಎಲ್ಲರ ಹಾಗೆ ಅಂದುಕೊಂಡೆ, ಅಂದೆ ಕೂಡ. ಒಮ್ಮೆ, ಎಂಟು ದಿನ ಬಿಟ್ಟು ಬಂದ ಹುಡುಗನೊಬ್ಬ ಒಳಗೆ ಬರದೆ ಹೊಸ್ತಿಲ ಮೇಲೆ ಕೂತುಬಿಟ್ಟ. ಒಳಗೆ ಬಾರೋ ಅಂದೆ. "ಬ್ಯಾಡ್ ಬಿಡ್ರಿ ಅಕ್ಕೋರ, ಪಾಠ ಮುಂದ ಹೋಗೈತಿ" ಅಂದ. ಬಸ್ಸು ಹೋಯಿತು ಎನ್ನುತ್ತೇವಲ್ಲ, ಹಾಗೆ. ಬೇಸರವೂ ಇರಲಿಲ್ಲ ಅವನ ದನಿಯಲ್ಲಿ. ಮುಂದಿನ ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ.

ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ನಡೆಸುತ್ತೇವೆ. ಆದರೆ ಶಾಲೆ 200 ದಿನ ನಡೆಯುವುದು ಬೇರೆ, ಒಂದು ಮಗುವಿಗೆ ಆ 200 ದಿನ ದಕ್ಕುವುದು ಬೇರೆ. ನನ್ನ ನೋಟ್‌ಬುಕ್ಕಿನ ಕಾರಣಗಳನ್ನು ಒಂದು ವರ್ಷ ಕೂಡಿಸಿ ನೋಡಿದೆ. ಸೋಮಾರಿತನ ಎನ್ನಬಹುದಾದದ್ದು ಬಹಳ ಕಡಿಮೆ. ಹೆಚ್ಚಿನವು ಊರಿನವು. ಈ ಜನರ ರೇಷನ್ ಕಾರ್ಡು ಅಲ್ಲಿ, ಎರಡೆಕರೆ ಎರೆಹೊಲ ಅಲ್ಲಿ, ಮುಪ್ಪಿನ ತಾಯಿ ಅಲ್ಲಿ, ಮನೆದೇವರು ಅಲ್ಲಿ. ಮುಂಗಾರು ಬಿದ್ದರೆ ಬಿತ್ತಬೇಕು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿ ಯಲ್ಲಮ್ಮನ ಗುಡ್ಡ. ಇದನ್ನೆಲ್ಲ ಬಿಡಿ ಎಂದು ಹೇಳಲು ನಾನು ಯಾರು? ನಾನೇ ಪಂಚಮಿಗೆ ರಜೆ ಹಾಕುವವಳು.

ಹಾಗಾದರೆ ಪಾಠವೇ ಕಾಯಬೇಕು. ಪಾಠ ಕಾಯುವುದು ಹೇಗೆ?

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕರ್ನಾಟಕದ ಸರಕಾರಿ ಶಾಲೆಗೆ ಮಕ್ಕಳನ್ನು ಕಳಿಸಿದವರಿಗಂತೂ ಗೊತ್ತು. ಗೋಡೆಯ ಮೇಲೆ ಒಂದು ಏಣಿಯ ಚಿತ್ರ. ಕಲಿಯಬೇಕಾದದ್ದನ್ನೆಲ್ಲ ಸಣ್ಣಸಣ್ಣ ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು. ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿ, ತನ್ನ ಕಾರ್ಡು ತಾನೇ ತೆಗೆದುಕೊಂಡು ಕೂರುತ್ತದೆ. ಎಂಟು ದಿನ ಬಿಟ್ಟು ಬಂದರೆ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಹಲವು ತರಗತಿಗಳು ಒಂದೇ ಕೋಣೆಯಲ್ಲಿ ಕೂರುವ ಶಾಲೆಗೆಂದು ಮಾಡಿದ ಪದ್ಧತಿ ಅದು. ನನಗೆ ಕಂಡದ್ದು ಅದರ ಇನ್ನೊಂದು ಗುಣ: ಊರಿಗೆ ಹೋಗಿ ಬರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ನಮ್ಮ ಶಾಲೆ ಗೋವಾದ್ದು, ಇಲ್ಲಿಯ ಪಠ್ಯ, ಇಲ್ಲಿಯ ನಿಯಮ. ಆದ್ದರಿಂದ ಆ ಪದ್ಧತಿಯನ್ನು ಇಡಿಯಾಗಿ ತರಲಾಗುವುದಿಲ್ಲ. ಗದಗಿನಲ್ಲಿ ಕಲಿಸುವ ನನ್ನ ಗೆಳತಿಯ ಶಾಲೆಗೆ ಹೋಗಿ ಎರಡು ದಿನ ಕೂತು ನೋಡಿ ಬಂದೆ. ಹಳೆಯ ಮದುವೆ ಕಾರ್ಡುಗಳ ಬೆನ್ನಿಗೆ ಅಕ್ಷರ ಬರೆದೆ. ಅಲ್ಲಿ ಅಕ್ಷರ ಕಲಿಸುವ ಕ್ರಮ ಅ ಆ ಇ ಈ ಅಲ್ಲ. ರ ಗ ಸ ದ ಅ. ಬರೆಯಲು ಸುಲಭ, ಕೈ ಒಂದೇ ತರಹ ತಿರುಗುತ್ತದೆ, ಐದು ಅಕ್ಷರ ಬಂದ ಕೂಡಲೇ ಶಬ್ದ ಓದಬಹುದು. ಸರ, ದರ, ಅಗಸ, ಅರಸ. ಕಾಯಿಪಲ್ಲೆ ಮಾರುವವಳ ಮಗ 'ದರ' ಓದಿದ ದಿನ, ಅದೇ ಕಾರ್ಡನ್ನು ಹಿಡಿದು ಶಾಲೆಯೆಲ್ಲ ಸುತ್ತಿದ. ಆ ಹುಡುಗ ಬೆಳಗಾವಿಯಿಂದ ಬಂದ ಟೊಮೆಟೊ, ಬದನೆ ಪಾವ್ಕಿಲೋಗೆ ಎಷ್ಟಾಗುತ್ತದೆಂದು ಬಾಯಲ್ಲೇ ಹೇಳುತ್ತಾನೆ, ಅದೂ ಕೊಂಕಣಿಯಲ್ಲಿ. ಸ್ಲೇಟು ಕೊಟ್ಟು ಕೂಡಿಸು ಅಂದರೆ ಮಾತ್ರ ಅಳುಮೋರೆ.

ಮಂಗಳವಾರ ಗುಳಿಗೆಯ ದಿನ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ಗುಲಾಬಿ ಗುಳಿಗೆ ಕೊಡಬೇಕು, ಹಸಿದ ಹೊಟ್ಟೆಯಲ್ಲಲ್ಲ, ಊಟವಾದ ಮೇಲೆ. ನಮ್ಮಲ್ಲಿ ಅದನ್ನು ಮಂಗಳವಾರಕ್ಕೆ ಇಟ್ಟುಕೊಂಡಿದ್ದೇವೆ, ಸೋಮವಾರ ಕೊಟ್ಟರೆ ಅರ್ಧ ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತವೆ. ಊಟ ತಂದುಕೊಡುವುದು ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು. ಪ್ರಾಥಮಿಕ ಶಾಲೆಯ ಒಂದು ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕೆಂದು ಕಟ್ಟಳೆ. ಪಲಾವು ಬಂದ ದಿನ ಗದ್ದಲವಿಲ್ಲ. ಪಾವ್‌ಭಾಜಿ ಬಂದ ದಿನ, ಊರಿಂದ ಹೊಸದಾಗಿ ಬಂದ ಮಗು ಪಾವನ್ನು ತಿರುಗಿಸಿ ಮುರುಗಿಸಿ ನೋಡಿ, "ರೊಟ್ಟಿ ಇಲ್ಲೇನ್ರಿ?" ಎನ್ನುತ್ತದೆ. ಹದಿನೈದು ದಿನ ಕಳೆದರೆ ಅದೇ ಮಗು ಎರಡನೇ ಪಾವಿಗೆ ಕೈ ಚಾಚುತ್ತದೆ.

ಬುಧವಾರದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬುಧವಾರ ಸುಮ್ಮನೆ ಪಾಠ ನಡೆಯುತ್ತದೆ. ಶಿಕ್ಷಕರಿಗೆ ಅಂಥ ದಿನ ಎಷ್ಟು ಸುಖ ಎಂಬುದು ಶಿಕ್ಷಕರಿಗೇ ಗೊತ್ತು.

ಗುರುವಾರ ಭಾಷೆಯ ದಿನ ಎಂದು ನಾನೇ ಹೆಸರಿಟ್ಟಿದ್ದೇನೆ, ಊರಿಗೆ ಹೋದವರೆಲ್ಲ ತಿರುಗಿ ಬಂದು ಕೋಣೆ ತುಂಬಿರುತ್ತದೆ. ನಮ್ಮ ಮಕ್ಕಳ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಮೊದಲ ಜಗಳ 'ಇದೆ' ಎಂಬ ಶಬ್ದದಲ್ಲಿ. ಪುಸ್ತಕದಲ್ಲಿ "ಕೆರೆಯಲ್ಲಿ ನೀರು ಇದೆ" ಎಂದಿದ್ದರೆ ಮಗು ಬೆರಳಿಟ್ಟುಕೊಂಡು "ಕೆರ್‍ಯಾಗ ನೀರ ಐತಿ" ಎಂದು ಓದುತ್ತದೆ. ಇದು ತಪ್ಪೆಂದು ತಿದ್ದುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗುವಿಗೆ ಅರ್ಥವಾಗಿದೆ, ಆದ್ದರಿಂದಲೇ ತನ್ನ ಮಾತಿಗೆ ತಿರುಗಿಸಿಕೊಂಡಿದೆ. ಅರ್ಥವಾಗದ ಮಗು ಅಕ್ಷರಕ್ಕಕ್ಷರ ಸರಿಯಾಗಿ ಓದಿಬಿಡುತ್ತದೆ, ಅದೇ ಅಪಾಯ. ಮೊದಲು ಐತಿ ಬರಲಿ, ಆಮೇಲೆ ಇದೆ ಬರುತ್ತದೆ.

ಇನ್ನು ಹೊರಗಿನ ಗೋಡೆಗಳ ಮೇಲೆಲ್ಲ ದೇವನಾಗರಿ, ಇಂಗ್ಲಿಷು. ಕನ್ನಡದ ಕ ಖ ಗ ಘ ಬಂದ ಮಗುವಿಗೆ ದೇವನಾಗರಿ ಹೊಸ ಲೋಕವಲ್ಲ, ಅದೇ ಸಾಲು, ಅದೇ ಕ್ರಮ, ಚಿತ್ರ ಮಾತ್ರ ಬೇರೆ. ಮೂರನೇ ಇಯತ್ತೆಯ ಒಬ್ಬಳು ಎರಡು ಮಾಲೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿ, "ಅಕ್ಕೋರ, ಅವರಲ್ಲಿ ಎ ಏ ಎರಡೂ ಒಂದನ ಏನ್ರಿ? ಒ ಓ ಸೈತ ಒಂದ ಐತಿ" ಅಂದಳು. ಗಿಡ್ಡ ಎ, ಗಿಡ್ಡ ಒ ಅಲ್ಲಿಲ್ಲ, ಇಲ್ಲಿದೆ. ಇದನ್ನು ನಾನು ಓದಿ ತಿಳಿದದ್ದು ಕಾಲೇಜಿನಲ್ಲಿ. ಅವಳು ಚಾಪೆಯ ಮೇಲೆ ಕೂತು ಕಂಡುಕೊಂಡಳು.

ಪಾಲಕರು ಬಂದರೆ ಕೇಳುವ ಪ್ರಶ್ನೆ ಒಂದೇ. "ಇಂಗ್ಲಿಷ್ ಯಾವಾಗ ಬರತೈತ್ರಿ ಅಕ್ಕೋರ?" ಅವರ ಆತಂಕ ಸುಳ್ಳಲ್ಲ. ನಾಲ್ಕನೇ ಇಯತ್ತೆ ಮುಗಿದರೆ ನಮ್ಮ ಶಾಲೆಯೂ ಮುಗಿಯುತ್ತದೆ. ಐದನೆಯದಕ್ಕೆ ಹತ್ತಿರದ ಹೈಸ್ಕೂಲಿಗೆ ಹೋದರೆ ವಿಜ್ಞಾನ, ಗಣಿತ ಎಲ್ಲ ಇಂಗ್ಲಿಷಿನಲ್ಲಿ. ಆ ಹೊಸ್ತಿಲಲ್ಲಿ ಎಡವಿ ಬಿದ್ದು ಶಾಲೆ ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಒಬ್ಬನಂತೂ ಈಗ ನಮ್ಮ ಶಾಲೆಯ ಎದುರಿನ ಕಟ್ಟಡದಲ್ಲೇ ಇಟ್ಟಿಗೆ ಎತ್ತುತ್ತಾನೆ, ನನ್ನನ್ನು ಕಂಡರೆ ಮರೆಗೆ ಸರಿಯುತ್ತಾನೆ. ಕನ್ನಡ ಚೆನ್ನಾಗಿ ಓದಲು ಬಂದ ಮಗು ಇಂಗ್ಲಿಷನ್ನೂ ಹಿಡಿಯುತ್ತದೆ ಎಂದು ನಾನು ಪಾಲಕರಿಗೆ ಹೇಳುತ್ತೇನೆ, ನಂಬಿಯೇ ಹೇಳುತ್ತೇನೆ. ಆದರೆ ಅವನನ್ನು ಕಂಡ ದಿನ ಈ ಮಾತು ಬಾಯಿಗೆ ಬರುವುದಿಲ್ಲ.

ಶನಿವಾರ ಅರ್ಧ ದಿನ. ಪಡಸಾಲೆ ಗುಡಿಸುವುದು, ಕಾರ್ಡುಗಳನ್ನು ಜೋಡಿಸುವುದು, ಆಮೇಲೆ ಕತೆ. ಒಂದು ಶನಿವಾರ 'ಕದಂಬ' ಬಸ್ಸಿನ ಕತೆ ಹೇಳಿದೆ. ಇಲ್ಲಿಯ ಸರಕಾರಿ ಬಸ್ಸಿಗೆ ಬನವಾಸಿಯ ಕದಂಬರ ಕುಲದ ಹೆಸರು, ಆ ಕುಲದವರು ಗೋವಾವನ್ನೂ ಆಳಿದರು ಅಂದಾಗ ಯಾರಿಗೂ ಅಂಥ ಆಶ್ಚರ್ಯವಾಗಲಿಲ್ಲ. ಅವರ ಕಾಲದ ತಾಂಬ್ಡಿ ಸುರ್ಲಾದ ಮಹಾದೇವನ ಗುಡಿಯ ಕರಿಕಲ್ಲು ಇಲ್ಲಿಯದಲ್ಲ, ಘಟ್ಟದ ಮೇಲಿಂದ ಇಳಿಸಿ ತಂದದ್ದಂತೆ ಅಂದಾಗ ಮಾತ್ರ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಹೊತ್ತವರಿಗೆ ಪಗಾರ ಎಷ್ಟ ಕೊಟ್ರಿ?" ಅವನಪ್ಪ ಕಲ್ಲು ಹೊರುವವನು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಜೇಂದ್ರಗಡದ ಕಡೆಯ ಒಬ್ಬ ಹುಡುಗಿ ಒತ್ತಕ್ಷರದ ಮೆಟ್ಟಿಲಲ್ಲಿ ನಿಂತಿದ್ದಳು. ಅಕ್ಕ, ಅಜ್ಜ, ಅಪ್ಪ, ಕತ್ತೆ, ಇವೆಲ್ಲ ಸರಾಗ. ಒಂದು ಅಕ್ಷರಕ್ಕೆ ಬೇರೆ ಅಕ್ಷರದ ಒತ್ತು ಬಂತೋ, ಗಾಡಿ ನಿಂತಿತು. ವಿದ್ಯೆಯನ್ನು 'ವಿದೆಯ' ಎನ್ನುತ್ತಿದ್ದಳು. ವ್ಯಾಪಾರ 'ವಾಯಪಾರ'. ಮೂರು ದಿನ ಅದೇ ಕಾರ್ಡು. ನಾಲ್ಕನೆಯ ದಿನ ಅವಳೇ ಇಲ್ಲ. ಅಜ್ಜಿಗೆ ಆರಾಮಿಲ್ಲ, ಊರಿಗೆ ಹೋದರಂತೆ ಎಂದು ಪಕ್ಕದ ಖೋಲಿಯ ಹುಡುಗ ಸುದ್ದಿ ತಂದ. ಅವಳ ಕಾರ್ಡನ್ನು ಅದರ ಜಾಗದಲ್ಲೇ ಬಿಟ್ಟೆ.

ಒಂಬತ್ತು ದಿನ ಕಳೆದು, ಒಂದು ಗುರುವಾರ ಬಂದಳು. ತಲೆಗೆ ಎಣ್ಣೆ, ಕೈಯಲ್ಲಿ ಒಂದು ಪೊಟ್ಟಣ ಶೇಂಗಾ ಉಂಡಿ. ನಾನು ನೋಟ್‌ಬುಕ್ಕು ತೆಗೆದು, ಯಾಕವ್ವ ಬಂದಿರಲಿಲ್ಲ ಎಂದು ಕೇಳುವಷ್ಟರಲ್ಲಿ ಅವಳೇ ಶುರು ಮಾಡಿದಳು. ಹೋಗುವಾಗ ಬೆಳಗಿನ ರೈಲು. ಕುಳೆಂ ದಾಟಿತು, ದೂಧಸಾಗರದ ನೀರು ಕಂಡಿತು, ಬೋಗದಾ ಮೇಲೆ ಬೋಗದಾ, ಅಂದರೆ ಸುರಂಗ, ಬಂತು, ಎಣಿಸಿದಳಂತೆ, ನಡುವೆ ಲೆಕ್ಕ ತಪ್ಪಿತಂತೆ. ಆಮೇಲೆ ಗಾಡಿ ನಿಂತ ಸ್ಟೇಷನ್ನಿನಲ್ಲಿ ಹಳದಿ ಬೋರ್ಡಿನ ಮೇಲೆ ಕನ್ನಡ. ಪೋರ್ತುಗೀಸರ ಕಾಲದಲ್ಲಿ ಗಡಿಯಾಗಿದ್ದ ಸ್ಟೇಷನ್ನು ಅದು.

"ಕ ಕ್ಕ ಯ ಒತ್ತ ಐತ್ರಿ ಅದರಾಗ," ಅಂದಳು. "ಮೊದ್ಲ ಕಯಾ ಅಂದೆ. ಅಪ್ಪ ನಕ್ಕ. ಆಮ್ಯಾಲೆ ನಾನ ಓದಿದೆ. ಕ್ಯಾಸಲ್ ರಾಕ್."

ಏಣಿಯ ಹತ್ತಿರ ಹೋಗಿ, ತನ್ನ ಕಾರ್ಡು ಇಟ್ಟಲ್ಲೇ ಇದೆಯೇ ಎಂದು ನೋಡಿದಳು. ಇತ್ತು. ಅದನ್ನು ತೆಗೆದುಕೊಳ್ಳಲಿಲ್ಲ, ಅದರ ಮುಂದಿನದನ್ನು ತೆಗೆದುಕೊಂಡು ಹೋಗಿ ಚಾಪೆಯ ಮೇಲೆ ಕೂತಳು. ಉಂಡಿಯ ಪೊಟ್ಟಣ ನನ್ನ ಮೇಜಿನ ಮೇಲೇ ಉಳಿಯಿತು.

ನಮಸ್ಕಾರ.