ಚಾಮಿಕ್ ಭಾಷೆಗಳ ಕುಲ: ಎರವಲು ಪದಗಳ ಸಾಕ್ಷ್ಯ ಎಷ್ಟರಮಟ್ಟಿಗೆ ಸಲ್ಲುತ್ತದೆ?

ನಮಸ್ಕಾರ. ಚಾಮಿಕ್ ಎಂದರೆ ಆಗ್ನೇಯ ಏಷ್ಯಾದ ಚಾಮ್ ಮತ್ತು ಅದರ ಒಡಹುಟ್ಟು ಭಾಷೆಗಳ ಗುಂಪು; ಮಲಯ ಭಾಷೆಯ ಹಾಗೆ ಇದೂ ಆಸ್ಟ್ರೊನೇಷ್ಯನ್ ಕುಟುಂಬಕ್ಕೆ ಸೇರಿದ್ದು. ವಿಯೆಟ್ನಾಮಿನ ಟ್ರಾ ಕಿಯೆವ್ ಬಳಿ ಸಿಕ್ಕಿದ, ಸುಮಾರು 4ನೆಯ ಶತಮಾನದ್ದೆನ್ನಲಾದ ಹಳೆಯ ಚಾಮ್ ಶಾಸನವೊಂದು, ರಾಜನ ನಾಗನನ್ನು ಅವಮಾನಿಸಿದವನು 'ಸರಿಬು ಥುನ್', ಅಂದರೆ ಸಾವಿರ ವರ್ಷ, 'ತಿಜುಃ ಕುಲೊ', ಅಂದರೆ ಏಳು ತಲೆಮಾರಿನ ಸಮೇತ, ನರಕದಲ್ಲಿರಲಿ ಎನ್ನುತ್ತದೆ. ನಮ್ಮ ಶಾಸನಗಳ ಶಾಪಾಶಯ ಓದಿದವರಿಗೆ ಈ ಧಾಟಿ ಹೊಸದಲ್ಲ. ಇಲ್ಲಿನ ನರಕ, ಕುಲಗಳು ಸಂಸ್ಕೃತದಿಂದ ಹೋದವು. ಆದರೆ ಸರಿಬು, ತಿಜುಃಗಳು ಮಲಯದ 'ಸೆರಿಬು', 'ತುಜುಃ'ಗಳ ಒಡಹುಟ್ಟುಗಳು. ಭಾಷೆಯ ಹುಟ್ಟನ್ನು ಹೇಳುವವು ಈ ಎರಡನೆಯ ಬಗೆಯ ಪದಗಳೇ.

ಆದರೂ 1906ರಲ್ಲಿ ಭಾಷಾವಿಜ್ಞಾನಿ ವಿಲ್ಹೆಲ್ಮ್ ಶ್ಮಿಟ್ ಚಾಮ್, ಜರಾಯ್, ರಾಡೆ ಮುಂತಾದ ಚಾಮಿಕ್ ಭಾಷೆಗಳನ್ನು ಆಸ್ಟ್ರೊಏಷ್ಯಾಟಿಕ್, ಅಂದರೆ ಖ್ಮೇರ್, ವಿಯೆಟ್ನಾಮೀಗಳ ಬೇರೆಯೇ ಕುಟುಂಬದ, ಮಿಶ್ರಭಾಷೆಗಳೆಂದು ವರ್ಗೀಕರಿಸಿದ. ಆ ಕುಟುಂಬಕ್ಕೆ ಸೇರಿದ ನೆರೆಯ ಮೋನ್-ಖ್ಮೇರ್ ಭಾಷೆಗಳ ಪದಗಳು ಇವುಗಳಲ್ಲಿ ಅಷ್ಟು ತುಂಬಿದ್ದವು. ಸಂಸ್ಕೃತ ಪದಗಳ ರಾಶಿ ಕಂಡು ಕನ್ನಡವನ್ನು ಸಂಸ್ಕೃತದ ಮಗಳೆಂದವರದೂ ಇದೇ ತಪ್ಪು.

ಹೊರರೂಪ ಎಷ್ಟು ಮೋಸಮಾಡಬಲ್ಲದು ಎಂಬುದಕ್ಕೆ ಚೀನಾದ ಹೈನಾನ್ ದ್ವೀಪದಲ್ಲಿ, ಸಾನ್ಯಾ ಬಳಿಯ ಮುಸ್ಲಿಮರಾಡುವ ಚಾತ್ ಎಂಬ ಚಾಮಿಕ್ ಭಾಷೆಯನ್ನು ನೋಡಬೇಕು. ಒಂದೇ ಅಕ್ಷರದ ಪದಗಳು, ಪದಕ್ಕೊಂದು ತಾನ, ಅಂದರೆ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. ಕಿವಿಗೆ ಅದು ಚೀನೀ ನುಡಿಯ ನಂಟಿನಂತೆಯೇ ಕೇಳಿಸುತ್ತದೆ. ಆದರೆ ಮೂಲ ಚಾಮಿಕ್‌ನ, ಅಂದರೆ ಈ ಭಾಷೆಗಳೆಲ್ಲದರ ಊಹಿತ ಪೂರ್ವರೂಪದ, 'ಲಿಮಾ' (ಐದು) ಇಲ್ಲಿ ಮೊದಲಕ್ಷರ ಕಳೆದುಕೊಂಡು 'ಮಾ' ಆಗಿದೆ. 'ತುಜುಃ' (ಏಳು) 'ಸು' ಆಗಿದ್ದು, ಕೊನೆಯ ಹಕಾರ ಸವೆದ ಜಾಗದಲ್ಲಿ ಎತ್ತರದ ತಾನ ಉಳಿದಿದೆ; 'ದುವಾ' (ಎರಡು) ಮೊದಲಿನ ವ್ಯಂಜನದ ಘೋಷವನ್ನು (ಗಂಟಲ ಕಂಪನವನ್ನು) ಕಳೆದುಕೊಂಡು ತಗ್ಗಿನ ತಾನದ 'ಥುವಾ' ಆಗಿದೆ. ನಿಯಮಬದ್ಧವಾದ ಈ ಸವೆತವೇ ನನ್ನ ಮಟ್ಟಿಗೆ ರಕ್ತಸಂಬಂಧದ ದಾಖಲೆ.

ನಿಜವಾದ ತಕರಾರು ಸುಮಾತ್ರಾದ ಉತ್ತರ ತುದಿಯ ಆಚೆನೀಸ್ ಭಾಷೆಯದು. ಭಾಷಾವಿಜ್ಞಾನಿ ಗ್ರಹಾಂ ಥರ್ಗುಡ್ 1999ರಲ್ಲಿ ಅದನ್ನು ಚಾಮಿಕ್‌ನ ಒಳಗೇ ಇರಿಸಿದರು. ಇನ್ನೊಬ್ಬ ಭಾಷಾವಿಜ್ಞಾನಿ ಪಾಲ್ ಸಿಡ್‌ವೆಲ್ ಆಮೇಲೆ ಅದು ಮಗಳಲ್ಲ, ಸೋದರಿ ಎಂದರು. ಹಕ್ಕಿಗೆ ಚಾಮಿಕ್ ಭಾಷೆಗಳಲ್ಲಿ 'ಚಿಮ್', ಆಚೆನೀಸಿನಲ್ಲಿ 'ಚಿಚೇಮ್'. ಎರಡೂ ಮೋನ್-ಖ್ಮೇರ್ ಎರವಲುಗಳೇ. ಇಂಥ ಹೋಲಿಕೆ ಇವುಗಳ ಪೂರ್ವಿಕರು ಒಂದೇ ನೆರೆಯಲ್ಲಿ ಬಾಳಿದ್ದರೆಂಬುದಕ್ಕೆ ಗಟ್ಟಿ ಸಾಕ್ಷಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವೆಂಬುದಕ್ಕೆ ಅಲ್ಲ. ಆದ್ದರಿಂದ ನಾನು ವಂಶವೃಕ್ಷ ಬರೆಯುವುದಾದರೆ ಆಚೆನೀಸನ್ನು ಚಾಮಿಕ್ ಕೊಂಬೆಯ ಪಕ್ಕದಲ್ಲಿ, ಅದೇ ಬುಡಕ್ಕೆ ಹೊಂದಿಸಿ ಇಡುತ್ತೇನೆ. ವಿಯೆಟ್ನಾಮಿನ ಚಾಮಿಕ್ ಭಾಷೆಗಳಿಗೂ ಅದಕ್ಕೂ ಮಾತ್ರ ಸಮಾನವಾದ ಧ್ವನಿವ್ಯತ್ಯಾಸವೊಂದನ್ನು ಯಾರಾದರೂ ತೋರಿಸಿಕೊಟ್ಟರೆ ಆ ಗೆರೆಯನ್ನು ಅಳಿಸಿ ಬರೆಯಲು ನನ್ನ ಅಭ್ಯಂತರವಿಲ್ಲ.